ಅರಬ್ಬಿಯ ‘ಖಲಾಸ್’: ಕೇಳಿ ತಿಳಿಯಲು, ತಪ್ಪಿಲ್ಲದೆ ಆಡಲು ಸಮಗ್ರ ಮಾರ್ಗದರ್ಶಿ

ದುಬೈನ ಗೋದಾಮಿನಲ್ಲಿ ಮೇಲಿನವರು ಬಂದು ‘ಖಲಾಸ್?’ ಎಂದು ಕೇಳಿದರೆ ಹೊಸದಾಗಿ ಊರಿಂದ ಹೋದ ಕನ್ನಡಿಗನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ನಮ್ಮ ಮಾತಿನಲ್ಲಿ ಖಲಾಸ್ ಎಂದರೆ ನಷ್ಟ. ‘ತಂದ ದುಡ್ಡೆಲ್ಲ ಖಲಾಸ್’, ‘ಅವನ ಕತೆ ಖಲಾಸ್’ ಎನ್ನುತ್ತೇವೆ. ಅರಬ್ಬಿಯವರು ಅದೇ ಪದವನ್ನು ದಿನಕ್ಕೆ ಹತ್ತಾರು ಸಲ ಆಡುತ್ತಾರೆ, ಅದರಲ್ಲಿ ನಷ್ಟದ ಸುಳಿವೂ ಇರುವುದಿಲ್ಲ. ಅಳುವ ಮಗುವಿಗೆ, ಚೌಕಾಸಿ ಕುದುರಿದಾಗ, ಫೋನು ಇಡುವಾಗ, ಜಗಳ ಬಿಡಿಸುವಾಗ, ಎಲ್ಲ ಕಡೆಯೂ ಅದೇ ಪದ.

ಆದ್ದರಿಂದ ಕಲಿಕೆ ಶುರುವಾಗಬೇಕಾದದ್ದು ಒಂದು ಅದಲುಬದಲಿನಿಂದ. ಅರಬ್ಬಿಯ ಬಾಯಲ್ಲಿ ‘ಖಲಾಸ್’ ಕೇಳಿದ ಕೂಡಲೇ ಆ ಜಾಗದಲ್ಲಿ ಕನ್ನಡದ ‘ಆಯ್ತು’ ಇಟ್ಟು ನೋಡಿ. ‘ಕೆಲಸ ಆಯ್ತು’, ‘ಆಯ್ತು, ನಾಳೆ ಬರ್ತೀನಿ’, ‘ಆಯ್ತಪ್ಪಾ, ಆಯ್ತು, ಇನ್ನು ಸುಮ್ನಿರು’: ಈ ಮೂರರಲ್ಲೂ ನಾವು ಒಂದೇ ಪದ ಬಳಸುತ್ತೇವೆ, ಯಾರಿಗೂ ಗೊಂದಲವಾಗುವುದಿಲ್ಲ. ಅರಬ್ಬಿಯ ಖಲಾಸ್ ಹೆಚ್ಚುಕಡಿಮೆ ಇದೇ ಹರವಿನ ಪದ. ‘ಮುಗಿಯಿತು’ ಎಂದು ಮಾತ್ರ ಉರು ಹೊಡೆದವರಿಗೆ ಅರ್ಧಕ್ಕರ್ಧ ಸಂದರ್ಭ ತಪ್ಪಿಹೋಗುತ್ತದೆ.

ಹೆಜ್ಜೆ 1: ಬಾಯಿಗೆ ತರುವುದು

ಅರಬ್ಬಿ ಬರಹದಲ್ಲಿ ಇದಕ್ಕೆ ನಾಲ್ಕು ಅಕ್ಷರ: ಖಾ, ಲಾಮ್, ಅಲಿಫ್, ಸಾದ್. ಮೊದಲನೆಯದೂ ಕೊನೆಯದೂ ಕನ್ನಡದಲ್ಲಿ ಇಲ್ಲ.

ಖಾ ಅಕ್ಷರ ನಮ್ಮ ಮಹಾಪ್ರಾಣ ಖ ಅಲ್ಲ. ನಮ್ಮ ಖ ಹೇಳುವಾಗ ನಾಲಗೆಯ ಹಿಂಭಾಗ ಅಂಗುಳಕ್ಕೆ ಪೂರ್ತಿ ಅಂಟಿ, ಗಾಳಿಯನ್ನು ತಡೆದು, ಒಮ್ಮೆಲೇ ಬಿಡುತ್ತದೆ. ಅರಬ್ಬಿಯ ಖಾದಲ್ಲಿ ನಾಲಗೆ ಅಂಟುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದು, ಗಾಳಿ ಅದರಲ್ಲಿ ಉಜ್ಜಿಕೊಂಡು ಹೋಗುತ್ತದೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದಾಗ ಕೆರೆದು ತೆಗೆಯಲು ಮಾಡುವ ಸದ್ದನ್ನು ಮೆತ್ತಗೆ ಮಾಡಿದರೆ ಅದೇ. ಸರಿ ಬಂತೋ ಇಲ್ಲವೋ ಎಂದು ನೋಡಲು ಸುಲಭ ಪರೀಕ್ಷೆಯಿದೆ: ಆ ಸದ್ದನ್ನು ಮೂರು ಸೆಕೆಂಡು ಎಳೆಯಿರಿ. ಎಳೆಯಲು ಬಂದರೆ ಅದು ಅರಬ್ಬಿಯ ಖಾ. ಒಮ್ಮೆ ಸಿಡಿದು ನಿಂತರೆ ನಮ್ಮ ಖ. ಅಂಗೈಯನ್ನು ಬಾಯೆದುರು ಹಿಡಿದರೂ ವ್ಯತ್ಯಾಸ ತಿಳಿಯುತ್ತದೆ: ನಮ್ಮ ಖಕ್ಕೆ ಗಾಳಿಯ ಒಂದು ಗುದ್ದು, ಅರಬ್ಬಿಯದಕ್ಕೆ ಸಣ್ಣಗೆ ಹರಿಯುವ ಬಿಸಿಯುಸಿರು.

ಸಾದ್ ಅಕ್ಷರಕ್ಕೆ ನಾಲಗೆಯ ತುದಿ ನಮ್ಮ ಸಕಾರದ ಜಾಗದಲ್ಲೇ ಇರಲಿ. ಹಿಂಭಾಗವನ್ನು ಮಾತ್ರ ಗಂಟಲ ಕಡೆಗೆ ಸರಿಸಿ, ಬಾಯೊಳಗೆ ಟೊಳ್ಳು ಮಾಡಿಕೊಳ್ಳಿ. ಹಾಗೆ ಮಾಡಿದಾಗ ಹಿಂದಿನ ‘ಆ’ ಸ್ವರ ತಾನಾಗಿ ದಪ್ಪವಾಗುತ್ತದೆ. ಸ ತಾನೇ ಬದಲಾದದ್ದಕ್ಕಿಂತ ಈ ‘ಆ’ ದಪ್ಪವಾದದ್ದೇ ಕೇಳುವವರ ಕಿವಿಗೆ ಮೊದಲು ಬೀಳುವುದು. ಗಲ್ಫ್ ಆಡುಮಾತಿನಲ್ಲಿ ನಡುವಿನ ಲಾಮ್ ಕೂಡ ಸ್ವಲ್ಪ ದಪ್ಪಗೆ ಬರುತ್ತದೆ. ಹಾಗೆಂದು ಅದನ್ನು ನಮ್ಮ ಳ ಮಾಡಬೇಡಿ. ಳಕಾರಕ್ಕೆ ನಾಲಗೆ ಮೇಲೆ ಮಡಚುತ್ತದೆ. ಇಲ್ಲಿ ತುದಿ ಹಲ್ಲಿನ ಬುಡದಲ್ಲೇ ಇರಬೇಕು.

ಒತ್ತು ಎರಡನೆಯ ಅಕ್ಷರಕ್ಕೆ: ಖ-ಲಾಸ್. ಕನ್ನಡದಲ್ಲಿ ಮಾತಿನ ಮೊದಲಿಗೇ ಒತ್ತು ಕೊಡುವ ಅಭ್ಯಾಸ ಇರುವುದರಿಂದ ಇದನ್ನು ಬೇಕೆಂದೇ ಮಾಡಿ ರೂಢಿಸಿಕೊಳ್ಳಬೇಕು.

‘ಕಲಾಸ್’ ಎಂದರೂ ಅವರಿಗೆ ತಿಳಿಯುತ್ತದೆ, ಹೊರಗಿನಿಂದ ಬಂದವರ ಬಾಯಲ್ಲಿ ಕೇಳಿ ಅಭ್ಯಾಸವಾಗಿದೆ. ತಿಳಿಯದೆ ಹೋಗುವುದು ‘ಖಲ್ಲಾಸ್’. ಮುಂಬೈ ಹಿಂದಿಯಿಂದ ನಮ್ಮಲ್ಲಿಗೂ ಬಂದ ಈ ರೂಪದಲ್ಲಿ ಲಕಾರ ದ್ವಿತ್ವವೂ ಆಗಿದೆ, ಸ್ವರ ದೀರ್ಘವೂ ಆಗಿದೆ. ಗಲ್ಫಿನ ಆಡುಮಾತಿನಲ್ಲಿ ಅವೆರಡೂ ಒಟ್ಟಿಗಿಲ್ಲ. ದೀರ್ಘ ಇದ್ದರೆ ದ್ವಿತ್ವ ಇಲ್ಲ, ದ್ವಿತ್ವ ಇದ್ದರೆ ದೀರ್ಘ ಇಲ್ಲ. ಯಾಕೆ ಎಂಬುದು ಮುಂದಿನ ಹೆಜ್ಜೆಯಲ್ಲಿದೆ.

ಹೆಜ್ಜೆ 2: ಮೂರು ರೂಪಗಳನ್ನು ಬೇರೆ ಮಾಡಿಕೊಳ್ಳುವುದು

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಮ್ಮಲ್ಲಿ ‘ಮುಗಿಯಿತು’ ಬೇರೆ, ‘ಮುಗಿಸಿದೆ’ ಬೇರೆ. ತಾನಾಗಿ ಆದದ್ದು ಒಂದು, ಒಬ್ಬರು ಮಾಡಿದ್ದು ಇನ್ನೊಂದು. ಅರಬ್ಬಿಯಲ್ಲೂ ಹಾಗೇ. ನಮ್ಮ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಅವರಲ್ಲಿ ನಡುವಿನ ಅಕ್ಷರದ ದ್ವಿತ್ವ ಮಾಡುತ್ತದೆ.

ಖಲಸ್ (ಹ್ರಸ್ವ, ಒಂದೇ ಲ) ಎಂದರೆ ಮುಗಿಯಿತು, ತೀರಿತು. ‘ಅರ್ ರಸೀದ್ ಖಲಸ್’: ಫೋನಿನ ಕರೆನ್ಸಿ ಮುಗಿಯಿತು. ‘ಅಲ್ ಗಾಜ಼್ ಖಲಸ್’: ಗ್ಯಾಸ್ ಖಾಲಿ.

ಖಲ್ಲಸ್ (ಹ್ರಸ್ವ, ದ್ವಿತ್ವ) ಎಂದರೆ ಅವನು ಮುಗಿಸಿದ. ಇದು ಪೂರ್ಣ ಕ್ರಿಯಾಪದ, ಆದ್ದರಿಂದ ಮಾಡಿದವರಿಗೆ ತಕ್ಕಂತೆ ಬದಲಾಗುತ್ತದೆ: ಖಲ್ಲಸ್ತ್ (ನಾನು ಮುಗಿಸಿದೆ, ಗಂಡಸಿಗೆ ಹೇಳುವಾಗ ‘ನೀನು ಮುಗಿಸಿದೆ’ ಕೂಡ ಇದೇ), ಖಲ್ಲಸ್ತಿ (ಹೆಂಗಸಿಗೆ: ನೀನು ಮುಗಿಸಿದೆ), ಖಲ್ಲಸ್ನಾ (ನಾವು ಮುಗಿಸಿದೆವು). ‘ಮುಗಿಸು’ ಎಂದು ಹೇಳಲು ಗಲ್ಫಿನಲ್ಲಿ ‘ಖಲ್ಲಿಸ್’. ‘ಖಲ್ಲಿಸ್ನಿ’ ಎಂದು ಯಾರಾದರೂ ಅಂದರೆ ‘ಬೇಗ ಹೇಳಿ ಮುಗಿಸು ಮಾರಾಯಾ’ ಎಂಬ ಸಿಡುಕು ಅದರಲ್ಲಿದೆ. ಕೇಳಿ ತಿಳಿದಿರಲಿ, ನೀವು ಆಡುವುದು ಬೇಡ.

ಖಲಾಸ್ (ದೀರ್ಘ, ಒಂದೇ ಲ) ಮಾತ್ರ ಯಾರಿಗೂ ಬದಲಾಗುವುದಿಲ್ಲ. ಗಂಡಸು, ಹೆಂಗಸು, ಒಬ್ಬರು, ಹತ್ತು ಮಂದಿ, ಎಲ್ಲರಿಗೂ ಒಂದೇ. ಕಲಿಯುವವರು ಮೊದಲು ಇದಕ್ಕೆ ಅಂಟಿಕೊಳ್ಳುವುದು ಇದಕ್ಕಾಗಿಯೇ.

ಅಂಟಿಕೊಂಡು ಅಲ್ಲೇ ನಿಲ್ಲುವುದರಿಂದ ಒಂದು ತೊಡಕಿದೆ. ಗಲ್ಫಿನಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಕೆಲಸಗಾರರೂ ಅಲ್ಲಿನವರೂ ಪರಸ್ಪರ ಆಡುವ ಒಂದು ಮುರುಕು ಅರಬ್ಬಿ ಬೆಳೆದುಬಿಟ್ಟಿದೆ. ಅದರಲ್ಲಿ ‘ಅನಾ ಖಲಾಸ್ ಸವ್ವಿ’ ಎಂದರೆ ‘ನಾನು ಮಾಡಿಯಾಯ್ತು’. ಸವ್ವಿ ಎಂಬುದು ‘ಮಾಡು’ ಎಂಬ ಆಜ್ಞಾರೂಪ. ಅಂದರೆ ನೀವು ನಿಜವಾಗಿ ಹೇಳಿದ್ದು ‘ನಾನು ಆಯ್ತು ಮಾಡು’ ಎಂದು. ಕೆಲಸದ ಜಾಗದಲ್ಲಿ ಇದು ನಡೆಯುತ್ತದೆ, ಯಾರೂ ತಿದ್ದುವುದಿಲ್ಲ. ಯಾರೂ ತಿದ್ದದೆ ಇರುವುದರಿಂದಲೇ ಇಪ್ಪತ್ತು ವರ್ಷ ಇದ್ದವರೂ ಅಲ್ಲೇ ಉಳಿಯುತ್ತಾರೆ. ಇದರ ಬದಲು ಒಂದೇ ಪದ ಸಾಕು: ‘ಖಲ್ಲಸ್ತ್’. ಅನಾ ಕೂಡ ಬೇಡ, ‘ನಾನು’ ಎಂಬುದು ಕೊನೆಯ ತಕಾರದಲ್ಲೇ ಇದೆ. ನಾವು ‘ಮುಗಿಸಿದೆ’ ಎಂದಾಗ ‘ನಾನು’ ಒಳಗೇ ಇರುವ ಹಾಗೆ. ಇದೊಂದನ್ನು ಸರಿಮಾಡಿಕೊಂಡರೆ ಎದುರಿನವರು ನಿಮ್ಮೊಡನೆ ಆಡುವ ಧಾಟಿಯೇ ಬದಲಾಗುತ್ತದೆ.

ಓದುವಾಗ ಒಂದು ಎಚ್ಚರ. ಅರಬ್ಬಿಯಲ್ಲಿ ಹ್ರಸ್ವ ಸ್ವರವನ್ನೂ ದ್ವಿತ್ವದ ಗುರುತನ್ನೂ ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಖಲಸ್, ಖಲ್ಲಸ್ ಎರಡೂ ವಾಟ್ಸಾಪಿನಲ್ಲಿ ಒಂದೇ ಥರ ಕಾಣುತ್ತವೆ. ನಡುವೆ ಅಲಿಫಿನ ನೆಟ್ಟಗಿನ ಗೆರೆ ಲಾಮಿನ ಜೊತೆ ಹೆಣೆದುಕೊಂಡಿದ್ದರೆ ಅದು ಖಲಾಸ್. ರೋಮನ್ ಅಕ್ಷರದಲ್ಲಿ ಬರೆಯುವ ಯುವಕರು ಖಾ ಬದಲು 5 ಅಂಕಿಯನ್ನೂ ಗಲ್ಫಿನಲ್ಲಿ ಸಾದ್ ಬದಲು 9 ಅಂಕಿಯನ್ನೂ ಹಾಕುತ್ತಾರೆ. ಐದಕ್ಕೆ ಅರಬ್ಬಿಯಲ್ಲಿ ‘ಖಂಸ’, ಅದರ ಮೊದಲಕ್ಷರ ಖಾ ಎಂದು ನೆನಪಿಟ್ಟುಕೊಳ್ಳಬಹುದು. ಅಂಕಿ ನೋಡಿ ಹಣದ ಲೆಕ್ಕವೆಂದು ಗಾಬರಿಯಾಗಬೇಕಿಲ್ಲ.

ಹೆಜ್ಜೆ 3: ದನಿ ಹಿಡಿದು ಅರ್ಥ ಹಿಡಿಯುವುದು

ಖಲಾಸ್ ಬದಲಾಗದ ಪದವಾದ್ದರಿಂದ ಅರ್ಥವೆಲ್ಲ ದನಿಯಲ್ಲಿದೆ. ದನಿ ಕೊನೆಯಲ್ಲಿ ಏರಿದರೆ ‘ಆಯ್ತಾ?’. ಉತ್ತರವಾಗಿ ಇಳಿದನಿಯಲ್ಲಿ ‘ಖಲಾಸ್’ ಎಂದರೆ ‘ಆಯ್ತು’.

ಅಂಗಡಿಯಲ್ಲಿ ಚೌಕಾಸಿ ನಡೆದು, ವ್ಯಾಪಾರಿ ಸಮದನಿಯಲ್ಲಿ ‘ಖಲಾಸ್, ಖಂಸೀನ್’ ಎಂದನೆಂದರೆ ‘ಆಯ್ತು, ಐವತ್ತಕ್ಕೆ ಕೊಟ್ಟೆ’. ಇದು ಮಾತು ಕೊಟ್ಟ ಹಾಗೆ. ಆಮೇಲೆ ನಲವತ್ತೈದಕ್ಕೆ ಕೇಳುವುದು ಅಲ್ಲಿ ಒಳ್ಳೆಯದಾಗಿ ಕಾಣುವುದಿಲ್ಲ. ನೀವೇ ಖಲಾಸ್ ಎಂದರೂ ಅಷ್ಟೇ, ಒಪ್ಪಿದಂತೆ. ಇನ್ನೂ ಯೋಚಿಸುತ್ತಿದ್ದರೆ ಆ ಪದ ಬಾಯಿಗೆ ತರಬೇಡಿ.

ಗಟ್ಟಿಯಾಗಿ, ಮೊಟಕಾಗಿ ‘ಖಲಾಸ್!’ ಎಂದರೆ ‘ಸಾಕು, ನಿಲ್ಲಿಸು’. ಎರಡು ಸಲ ಬೇಗಬೇಗ ‘ಖಲಾಸ್ ಖಲಾಸ್’ ಎಂದರೆ ಹೆಚ್ಚಾಗಿ ಜಗಳ ಬಿಡಿಸುವವರ ಮಾತು, ನಮ್ಮ ‘ಬಿಡ್ರೋ ಬಿಡ್ರೋ’. ಅದೇ ಪದವನ್ನು ಮೆಲ್ಲಗೆ, ಎಳೆದು, ‘ಖಲಾಸ್ ಹಬೀಬಿ, ಲಾ ತಿಜ಼್ಅಲ್’ ಎಂದರೆ ‘ಹೋಗ್ಲಿ ಬಿಡು ಕಂದಾ, ಬೇಜಾರ್ ಮಾಡ್ಕೋಬೇಡ’. ಗದರಿಸಲೂ ಸಮಾಧಾನ ಮಾಡಲೂ ಒಂದೇ ಪದ. ಬೇರೆಯಾದದ್ದು ದನಿ, ಮತ್ತು ಖಲಾಸ್ ಪದದ ‘ಲಾ’ ಎಷ್ಟು ಹೊತ್ತು ನಿಂತಿತು ಎಂಬುದು.

ಇನ್ನೊಂದು ಬಳಕೆ ಸೂಕ್ಷ್ಮವಾದದ್ದು, ಕನ್ನಡದಲ್ಲಿ ಅದಕ್ಕೆ ಸರಿಜೋಡಿ ಇದೆ. ‘ಖಲಾಸ್, ಸಾಫರ್’ ಎಂದರೆ ಬರೀ ‘ಪ್ರಯಾಣ ಹೋದ’ ಅಲ್ಲ, ‘ಹೋಗಿಬಿಟ್ಟ’. ಇನ್ನು ಮಾಡುವಂಥದ್ದು ಏನೂ ಇಲ್ಲ ಎಂಬ ಧ್ವನಿ. ನಮ್ಮ ‘ಬಿಟ್ಟ’ ಎಂಬ ಸಹಾಯಕ ಕ್ರಿಯಾಪದ ತರುವ ಆ ಕೊನೆಯಾದ ಭಾವವನ್ನು ಅವರು ವಾಕ್ಯದ ಮೊದಲಿಗೇ ಖಲಾಸ್ ಇಟ್ಟು ತರುತ್ತಾರೆ. ‘ಖಲಾಸ್, ಮಾ ಅಬ್ಗಾ’ ಎಂದರೆ ‘ಬೇಡವೇ ಬೇಡ ಬಿಡಿ’.

ಕಿವಿ ಪಳಗಿಸಲು: ಫೋನಿನಲ್ಲಿ ಈ ಐದನ್ನೂ ನಿಮ್ಮದೇ ದನಿಯಲ್ಲಿ ಮುದ್ರಿಸಿಕೊಳ್ಳಿ, ಪ್ರತಿಯೊಂದಕ್ಕೂ ಮೊದಲು ಕನ್ನಡದ ಸಾಲು (‘ಆಯ್ತಾ?’, ‘ಆಯ್ತು, ಐವತ್ತಕ್ಕೆ’, ‘ಸಾಕು!’, ‘ಹೋಗ್ಲಿ ಬಿಡು’, ‘ಹೋಗಿಬಿಟ್ಟ’), ಆಮೇಲೆ ಅದೇ ರಾಗದಲ್ಲಿ ಅರಬ್ಬಿಯ ಸಾಲು. ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಕೇಳಿ. ಕನ್ನಡದ ರಾಗ ಇಲ್ಲಿ ಅಡ್ಡಿಯಾಗುವುದಿಲ್ಲ, ಬಹುಮಟ್ಟಿಗೆ ಹೊಂದುತ್ತದೆ.

ಹೆಜ್ಜೆ 4: ಎಲ್ಲಿ ಆಡಬಾರದು

ಹಿರಿಯರಿಗೆ, ಮೇಲಧಿಕಾರಿಗೆ ಬರಿದೇ ‘ಖಲಾಸ್’ ಎನ್ನುವುದು ನಮ್ಮಲ್ಲಿ ದೊಡ್ಡವರಿಗೆ ‘ಆಯ್ತು ಬಿಡು’ ಅಂದ ಹಾಗೆ. ಅರ್ಥ ಸರಿ, ಮರ್ಯಾದೆ ಕಮ್ಮಿ. ಹಿಂದೆ ಒಂದು ಮಾತು ಸೇರಿಸಿ: ಗಲ್ಫಿನಲ್ಲಿ ‘ಖಲಾಸ್, ತಾಲ್ ಉಮ್ರಕ್’ (ನಿಮ್ಮ ಆಯುಷ್ಯ ಹೆಚ್ಚಲಿ) ಎಂದರೆ ಕೂಡಲೇ ಮೆದುವಾಗುತ್ತದೆ. ಕೆಲಸ ಹೇಳಿದಾಗ ಒಪ್ಪಿಕೊಳ್ಳಲು ಖಲಾಸ್‌ಗಿಂತ ‘ಹಾದಿರ್’ (ಸಿದ್ಧನಿದ್ದೇನೆ) ಅಥವಾ ಸೌದಿಯಲ್ಲಿ ‘ಅಬ್ಶಿರ್’ (ಖಂಡಿತ ಮಾಡ್ತೀನಿ) ಚೆನ್ನ.

ಊಟ, ಕಾಫಿಯ ಉಪಚಾರದಲ್ಲಂತೂ ಈ ಪದ ಒರಟಾಗುತ್ತದೆ. ಗಲ್ಫಿನ ಮನೆಗಳಲ್ಲಿ ಏಲಕ್ಕಿ ಹಾಕಿದ ಗಹ್ವಾ ಕಾಫಿಯನ್ನು ಕೊಕ್ಕಿನ ಮೂತಿಯ ದಲ್ಲಾ ಹೂಜಿಯಿಂದ ಹಿಡಿ ಇಲ್ಲದ ಪುಟ್ಟ ಫಿಂಜಾನ್ ಬಟ್ಟಲಿಗೆ ತಳದಷ್ಟೇ ಸುರಿದು ಕೊಡುತ್ತಾರೆ. ಬಟ್ಟಲು ಖಾಲಿಯಾದಂತೆ ಮತ್ತೆ ಸುರಿಯುತ್ತಲೇ ಇರುತ್ತಾರೆ. ಸಾಕೆನಿಸಿದಾಗ ಖಲಾಸ್ ಎನ್ನಬೇಡಿ. ಬಟ್ಟಲನ್ನು ಬಲಗೈಯ ಬೆರಳುಗಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಎರಡು ಮೂರು ಸಲ ಮೆಲ್ಲಗೆ ಅಲ್ಲಾಡಿಸಿ ಹಿಂದಕ್ಕೆ ಕೊಡಿ. ಸುರಿಯುವವರು ಅದನ್ನೇ ಕಾಯುತ್ತಿರುತ್ತಾರೆ. ಬಾಯಲ್ಲಿ ಏನಾದರೂ ಹೇಳಲೇಬೇಕೆನಿಸಿದರೆ ‘ಮಶ್ಕೂರ್’ (ಉಪಕಾರ ಆಯ್ತು) ಸಾಕು.

ಬರಹದಲ್ಲೂ ಇದಕ್ಕೆ ಜಾಗ ಕಡಿಮೆ. ಇದು ಆಡುಮಾತು. ಪತ್ರಿಕೆಯಲ್ಲಿ, ಸರಕಾರಿ ಅರ್ಜಿಯಲ್ಲಿ ‘ಮುಗಿಯಿತು’ ಎನ್ನಲು ‘ಇಂತಹಾ’, ‘ತಮ್ಮ’ ಬಳಸುತ್ತಾರೆ. ಅವಧಿ ಮುಗಿದ ಗುರುತುಚೀಟಿಗೆ ‘ಮುಂತಹಿ’ ಎಂದಿರುತ್ತದೆ. ಗ್ರಾಂಥಿಕ ಅರಬ್ಬಿಯಲ್ಲಿ ಖಲಾಸ್ ಎಂದರೆ ಬಿಡುಗಡೆ, ಮೋಕ್ಷ. ಅರಬ್ ಕ್ರೈಸ್ತರು ಯೇಸುವನ್ನು ‘ಅಲ್ ಮುಖಲ್ಲಿಸ್’ ಎನ್ನುವುದು ಇದೇ ಅರ್ಥದಲ್ಲಿ, ಪಾರುಮಾಡುವವನು ಎಂದು.

ಹೆಜ್ಜೆ 5: ‘ಇನ್ನೂ ಆಗಿಲ್ಲ’ ಎನ್ನುವುದು

‘ಖಲಾಸ್?’ ಎಂದು ಕೇಳಿದಾಗ ಆಗಿರದಿದ್ದರೆ ‘ಮಾಫಿ ಖಲಾಸ್’ (ಮಾಫಿ ಎಂದರೆ ಇಲ್ಲ) ಎನ್ನುವುದು ಮುರುಕು ಅರಬ್ಬಿಯ ಉತ್ತರ. ಸರಿಯಾದದ್ದು ‘ಮಾ ಖಲ್ಲಸ್ತ್’. ‘ಇನ್ನೂ’ ಎಂಬುದನ್ನು ಸೇರಿಸುವಲ್ಲಿ ಊರೂರಿಗೆ ವ್ಯತ್ಯಾಸ: ಎಮಿರೇಟ್ಸ್, ಒಮಾನ್ ಕಡೆ ‘ಬಅ್ದ್‌ನಿ ಮಾ ಖಲ್ಲಸ್ತ್’, ರಿಯಾದ್ ಕಡೆ ‘ಲಿಲ್‌ಹೀನ್ ಮಾ ಖಲ್ಲಸ್ತ್’, ಜಿದ್ದಾ, ಸಿರಿಯಾ, ಲೆಬನಾನ್ ಕಡೆಯವರೊಡನೆ ‘ಲಿಸ್ಸಾ ಮಾ ಖಲ್ಲಸ್ತ್’, ಈಜಿಪ್ಟಿನವರು ‘ಲಿಸ್ಸಾ ಮಖಲ್ಲಸ್ತಿಶ್’. ನಿಮ್ಮ ಮೇಲಿನವರು ಯಾವ ಊರಿನವರೋ ಆ ಒಂದನ್ನು ಕಲಿತರೆ ಸಾಕು, ಎಲ್ಲ ಬೇಡ.

ಸಿರಿಯಾ, ಲೆಬನಾನಿನವರು ಖಲಾಸ್ ಅನ್ನೇ ಮೊಟಕು ಮಾಡಿ ‘ಖಲಸ್’ ಎನ್ನುವುದೂ ಉಂಟು. ಅಲ್ಲಿ ದೀರ್ಘದ ನಿಯಮಕ್ಕೆ ಜೋತುಬೀಳಬೇಡಿ, ಸಂದರ್ಭ ನೋಡಿ. ಮೊರಾಕ್ಕೊ, ಅಲ್ಜೀರಿಯ, ಟುನೀಶಿಯದಲ್ಲಿ ಮಾತ್ರ ಅರ್ಥವೇ ಪಲ್ಲಟವಾಗುತ್ತದೆ: ಖಲ್ಲಸ್ ಎಂದರೆ ಅಲ್ಲಿ ಹಣ ಕೊಡುವುದು. ಹೋಟೆಲಿನಲ್ಲಿ ‘ಖಲ್ಲಸ್ತ್’ ಎಂದರೆ ‘ಊಟ ಮುಗಿಸಿದೆ’ ಅಂದುಕೊಂಡೀರಿ, ಮೊರಾಕ್ಕೊದವನ ಕಿವಿಗೆ ಅದು ‘ಬಿಲ್ ಕೊಟ್ಟಾಯ್ತು’.

ಒಂದು ಬೇರು, ಹಲವು ಕೊಂಬೆ

ಖ-ಲ-ಸ ಎಂಬ ಈ ಬೇರಿನ ಮೂಲಾರ್ಥ ಮುಗಿಯುವುದಲ್ಲ, ಶುದ್ಧವಾಗಿ ಬೇರೆಯಾಗುವುದು. ಹಳೆಯ ಅರಬ್ಬಿ ನಿಘಂಟುಗಳು ಇದನ್ನು ತುಪ್ಪದ ಮೂಲಕ ವಿವರಿಸುತ್ತವೆ. ಬೆಣ್ಣೆ ಕಾಯಿಸುವಾಗ ಪಾತ್ರೆಗೆ ಸ್ವಲ್ಪ ಖರ್ಜೂರವನ್ನೋ ಹುರಿದ ಹಿಟ್ಟನ್ನೋ ಹಾಕುತ್ತಿದ್ದರು. ಗಸಿಯಿಂದ ಬಿಡಿಸಿಕೊಂಡು ತಿಳಿಯಾಗಿ ನಿಂತ ತುಪ್ಪವೇ ಖುಲಾಸ. ಬೆಣ್ಣೆ ಕಾಯಿಸಿ ವೀಳ್ಯದೆಲೆ ಹಾಕಿ, ಗಸಿ ತಳಕ್ಕಿಳಿಯುವುದನ್ನು ಕಂಡವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಗಸಿ ಬಿಟ್ಟು ಬಂದದ್ದು ಶುದ್ಧವಾದದ್ದು. ಬಿಡಿಸಿಕೊಂಡು ಬಂದದ್ದು ಪಾರಾದದ್ದು. ಪಾರಾದ ಮೇಲೆ ಆ ಸಂಗತಿ ಮುಗಿದದ್ದು. ಮೂರು ಅರ್ಥಗಳೂ ಆ ಒಂದೇ ಪಾತ್ರೆಯಲ್ಲಿವೆ.

ಇಲ್ಲಿಂದ ಬಂದ ಪದಗಳು ನಮಗೆ ಹೊಸವಲ್ಲ. ‘ಆರೋಪಿ ಖುಲಾಸೆ’ ಎಂದು ಕನ್ನಡ ಪತ್ರಿಕೆ ಬರೆಯುವಾಗ ಬಿಡುಗಡೆಯ ಅರ್ಥ ಉಳಿದಿದೆ. ಅರಬ್ಬಿಯಲ್ಲಿ ಇಂದು ಖುಲಾಸ ಎಂದರೆ ಸಾರಾಂಶ. ಇಖ್ಲಾಸ್ ಎಂದರೆ ನಿಷ್ಕಳಂಕ ಮನಸ್ಸು. ಕುರ್‌ಆನಿನ 112ನೆಯ ಅಧ್ಯಾಯದ ಹೆಸರು ಅದೇ, ನಾಲ್ಕೇ ವಚನಗಳದ್ದು, ಆ ವಚನಗಳ ಒಳಗೆ ಆ ಪದ ಮಾತ್ರ ಬರುವುದಿಲ್ಲ. 1699ರಲ್ಲಿ ಗುರು ಗೋವಿಂದ ಸಿಂಗರು ಕಟ್ಟಿದ ಖಾಲ್ಸಾದ ಹೆಸರೂ ಇದೇ ಬೇರಿನದು. ಆದರೆ ‘ಖಾಲಿ’ ಇದರ ನಂಟಲ್ಲ, ‘ಖಾಸಗಿ’ಯೂ ಅಲ್ಲ, ಅವೂ ಅರಬ್ಬಿಯಿಂದ ಬಂದವೇ, ಬೇರೆ ಬೇರೆ ಬೇರುಗಳಿಂದ.

ಖರ್ಜೂರದ ಅಂಗಡಿಯಲ್ಲಿ ‘ಖಲಾಸ್’ ಎಂಬ ಚೀಟಿ ಕಂಡರೆ ಸರಕು ಮುಗಿಯಿತೆಂದು ಹಿಂದೆ ಬರಬೇಡಿ. ಅದು ತಳಿಯ ಹೆಸರು, ಸೌದಿಯ ಅಲ್ ಅಹ್ಸಾ ಓಯಸಿಸ್‌ನದು ಬಹು ಪ್ರಸಿದ್ಧ. ಜೇನುಬಣ್ಣದ, ಮೆತ್ತನೆಯ ಹಣ್ಣು.

ಫಲಕ ಮತ್ತು ಕಾಗದ

ದುಬೈ, ಶಾರ್ಜಾದ ಬೀದಿಗಳಲ್ಲಿ ‘ತಖ್ಲೀಸ್ ಮುಆಮಲಾತ್’ ಎಂಬ ಫಲಕಗಳಿರುತ್ತವೆ: ವೀಸಾ, ಪರವಾನಗಿಗಳ ಕಾಗದಪತ್ರ ಮಾಡಿಸಿಕೊಡುವ ಕಡೆ. ‘ತಖ್ಲೀಸ್ ಜುಮ್ರುಕಿ’ ಎಂದರೆ ಸುಂಕದ ಕಟ್ಟೆಯಿಂದ ಸರಕು ಬಿಡಿಸುವ ಕೆಲಸ. ಅದನ್ನು ಮಾಡುವವರು ಮುಖಲ್ಲಿಸ್.

ಎಲ್ಲಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದ ಪದ ‘ಮುಖಾಲಸ’. ಕೆಲಸ ಬಿಡುವಾಗ ಕಂಪನಿ ಸಹಿಗೆ ಮುಂದಿಡುವ ‘ಮುಖಾಲಸ ನಿಹಾಇಯ್ಯ’ ಎಂಬ ಹಾಳೆ ನಮ್ಮ ಬೇಬಾಕಿ ಪತ್ರದ ಸೋದರ, ಆದರೆ ಬರೆದುಕೊಡುವವರು ನೀವು. ‘ನನಗೆ ಬರಬೇಕಾದದ್ದೆಲ್ಲ ಬಂದಿದೆ, ಇನ್ನು ಯಾವ ತಗಾದೆಯೂ ಇಲ್ಲ’ ಎಂದು ಅದರಲ್ಲಿ ನಿಮ್ಮ ಬಾಯಲ್ಲಿ ಹೇಳಿಸಿರುತ್ತದೆ. ‘ಇಸ್ತಲಮ್ತು ಕಾಮಿಲ ಮುಸ್ತಹಕ್ಕಾತಿ’ (ನನ್ನ ಪೂರ್ಣ ಬಾಕಿ ಪಡೆದೆ) ಅಥವಾ ‘ಇಬ್ರಾ ಝಿಮ್ಮಾ’ (ಋಣಮುಕ್ತಿ) ಎಂಬ ಮಾತು ಇದ್ದರೆ ಆ ಸಹಿಗೆ ಬಹಳ ತೂಕ. ಸಹಿಗೆ ಮೊದಲು ನಾಲ್ಕು ಬಾಬ್ತು ಹುಡುಕಿ: ರಾತಿಬ್ (ಕೊನೆಯ ತಿಂಗಳ ಸಂಬಳ), ಬದಲ್ ಇಜಾಜ಼ (ತೆಗೆದುಕೊಳ್ಳದ ರಜೆಯ ಹಣ), ನಿಹಾಯತ್ ಅಲ್ ಖಿದ್ಮ (ಸೇವೆ ಮುಗಿದಾಗಿನ ಇಡಿಗಂಟು), ತಝ್ಕರ (ಟಿಕೆಟು). ಪ್ರತಿಯೊಂದರ ಎದುರು ಮೊತ್ತ ಇರಬೇಕು, ಒಟ್ಟು ಬ್ಯಾಂಕಿಗೆ ಬಂದ ಹಣಕ್ಕೆ ತಾಳೆಯಾಗಬೇಕು. ಎಮಿರೇಟ್ಸ್‌ನಲ್ಲಿ 2021ರ 33ನೆಯ ಕಾರ್ಮಿಕ ಕಾನೂನಿನಂತೆ ಕರಾರು ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕು.

ಹಣ ಬರುವ ಮೊದಲೇ ಹಾಳೆ ಮುಂದಿಟ್ಟು, ಬೆರಳು ತೋರಿಸಿ, ‘ಖಲಾಸ್?’ ಎಂದು ಏರುದನಿಯಲ್ಲಿ ಕೇಳುತ್ತಾರೆ. ಅಲ್ಲಿ ತಲೆಯಾಡಿಸಿ ಖಲಾಸ್ ಎಂದರೆ ಒಪ್ಪಿದಂತೆ ಎಂಬುದು ಈಗ ನಿಮಗೆ ಗೊತ್ತಿದೆ. ಆಗ ಆಡಬೇಕಾದ ಮಾತು: ‘ಅವ್ವಲ್ ಅಸ್ತಲಿಮ್, ಬಅ್ದೇನ್ ಅವಗ್ಗಿಅ್’. ಮೊದಲು ಪಡೆಯುತ್ತೇನೆ, ಆಮೇಲೆ ಸಹಿ ಹಾಕುತ್ತೇನೆ. ದನಿ ಏರಿಸುವುದು ಬೇಡ, ಕೊನೆಗೆ ‘ತಾಲ್ ಉಮ್ರಕ್’ ಸೇರಿಸಿ.